ಅಗ್ಗದ ಜಿಪ್ಸಿ: ಕೊಂಡ ಬೆಲೆಯೇ ವೆಚ್ಚವಲ್ಲ

ಕಚ್ಚಾದಾರಿಯ ಚಾಲನೆಯನ್ನು ಹೊಸದಾಗಿ ಕಲಿಯಬಯಸುವವರಿಗೆ, 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ಇಂದಿಗೂ ಯೋಗ್ಯ ವಾಹನವೇ. ಹಗುರವಾದ ಮೈ, ಗಟ್ಟಿ ಚಾಸಿಸ್, ನಾಲ್ಕು ಚಕ್ರಗಳಿಗೂ ಶಕ್ತಿ ಹಂಚುವ ಲೋ ಗೇರ್ ಇದರ ಬಲ. ಆದರೆ ಇದರ ತಯಾರಿಕೆ ನಿಂತಿರುವುದರಿಂದ ಹಳೆಯದನ್ನೇ ಕೊಳ್ಳಬೇಕು. ಲೆಕ್ಕ ತಪ್ಪುವುದು ಅಲ್ಲಿಯೇ.

ನೋಂದಣಿಗೆ 15 ವರ್ಷ ತುಂಬಿದ್ದರೆ ತಪಾಸಣೆ ಹಾಗೂ ನವೀಕರಣದ ಶುಲ್ಕ, ಚಾಸಿಸ್ ತುಕ್ಕು ಹಿಡಿದಿದ್ದರೆ ವೆಲ್ಡಿಂಗ್, ಜೊತೆಗೆ ಟೈರು, ಕ್ಲಚ್ಚು: ಇವೆಲ್ಲವನ್ನೂ ಕೂಡಿಸಿದ ಮೊತ್ತವೇ ನಿಜವಾದ ಬೆಲೆ. ಆದ್ದರಿಂದ ಮುಂಗಡ ಕೊಡುವ ಮುನ್ನ ನುರಿತ ಮೆಕ್ಯಾನಿಕ್‌ನಿಂದ ಅಡಿಭಾಗವನ್ನು ಪರೀಕ್ಷಿಸತಕ್ಕದ್ದು. ಫೋರ್ ವ್ಹೀಲ್ ಲಿವರನ್ನು ಡಾಂಬರು ರಸ್ತೆಯಲ್ಲಲ್ಲ, ಸಡಿಲ ಮಣ್ಣಿನಲ್ಲಿ ಹಾಕಿ ನೋಡತಕ್ಕದ್ದು. ನೋಂದಣಿ ಪತ್ರದಲ್ಲಿ ನಮೂದಾಗದ ಮಾರ್ಪಾಡುಗಳಿರುವ ವಾಹನ ಎಷ್ಟೇ ಅಗ್ಗವಾದರೂ ಬೇಡ.

ಕೊನೆಯದಾಗಿ, ಹವ್ಯಾಸಕ್ಕಾಗಿ ಕೊಂಡ ವಾಹನದ ಸವಕಳಿಯನ್ನು ವ್ಯಾಪಾರದ ಖರ್ಚಿಗೆ ಸೇರಿಸಲಾಗದೆಂಬುದನ್ನು ಸದಸ್ಯರು ನೆನಪಿಡುವುದು ಒಳಿತು.