ಚೆಂಡುಹೂವಿನ ಹಳದಿ ಮತ್ತು ಪ್ರೊಜೆಕ್ಟರಿನ ವರ್ಣಶೋಧಕ

ಗುಂಡ್ಲುಪೇಟೆಯ ಹೆದ್ದಾರಿಯ ಇಕ್ಕೆಲಗಳಲ್ಲಿ ಮಳೆಗಾಲಕ್ಕೆ ಅರಳುವ ಚೆಂಡುಹೂ, ಸೂರ್ಯಕಾಂತಿ ಹೊಲಗಳು ವರ್ಣವಾಚಕ ಪದಗಳ ಅಧ್ಯಯನಕ್ಕೆ ಒಳ್ಳೆಯ ಕ್ಷೇತ್ರ. ಹಳದಿ, ಅರಿಶಿನ, ಕೇಸರಿ ಎಂಬ ಪದಗಳ ಗಡಿಯನ್ನು ಅರಿಯಲು ಹೂವಿನ ಛಾಯಾಚಿತ್ರಗಳನ್ನು ಚಾಮರಾಜನಗರದ ಯಾವುದಾದರೂ ತರಗತಿಯಲ್ಲಿ ಪ್ರೊಜೆಕ್ಟರಿನ ಮೂಲಕ ತೋರಿಸಿ ವಕ್ತೃಗಳನ್ನು ಪ್ರಶ್ನಿಸುವುದು ಸುಲಭಮಾರ್ಗವೆನಿಸಬಹುದು. ಆದರೆ ಪರದೆಯ ಹಳದಿಯನ್ನು ನಿರ್ಧರಿಸುವುದು ಹೂವಷ್ಟೇ ಅಲ್ಲ, ಯಂತ್ರದೊಳಗಿನ ವರ್ಣಶೋಧಕವೂ ಹೌದು.

ತೊಗಲುಗೊಂಬೆಯಾಟ ನಮಗೆ ಪರಿಚಿತವಾದ ವರ್ಣಪ್ರಕ್ಷೇಪಣ. ಅಲ್ಲಿ ಬಣ್ಣ ಹಚ್ಚಿದ ತೊಗಲು ಬೇಡದ ಬೆಳಕನ್ನು ಹೀರಿಕೊಂಡು ಉಳಿದುದನ್ನು ಪರದೆಗೆ ಬಿಡುತ್ತದೆ. ಪ್ರೊಜೆಕ್ಟರಿನ ಶೋಧಕವಾದರೋ ಬೇಡದ ಬೆಳಕನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡ್ ಮತ್ತು ಸಿಲಿಕಾದ ಹತ್ತಾರು ಪದರಗಳನ್ನು ಒಂದರ ಮೇಲೊಂದು ಲೇಪಿಸಿರುತ್ತಾರೆ. 550 ನ್ಯಾನೊಮೀಟರ್ ತರಂಗಾಂತರದ ಹಸಿರನ್ನು ಹಿಂದಿರುಗಿಸಬೇಕಾದರೆ ಸಿಲಿಕಾ ಪದರ ಸುಮಾರು 94 ನ್ಯಾನೊಮೀಟರ್ ದಪ್ಪವಿರಬೇಕು, ಅಂದರೆ ಪದರದೊಳಗೆ ಆ ಬೆಳಕಿನ ತರಂಗಾಂತರದ ಕಾಲುಭಾಗ. ಆಗ ಪದರಪದರದಿಂದ ಮರಳುವ ಅಲೆಗಳು ಒಂದನ್ನೊಂದು ಬಲಪಡಿಸುತ್ತವೆ.

ಇಷ್ಟರಿಂದಲೇ ಬಣ್ಣದ ಅಂಚು ಬೇಕಾದಲ್ಲಿ ಸ್ವಚ್ಛವಾಗಿ ಕತ್ತರಿಸುವುದಿಲ್ಲ. ಪ್ರತಿ ಪದರದ ದಪ್ಪವನ್ನೂ ಗಣಕ ತಿದ್ದಬೇಕಾಗುತ್ತದೆ. ಅಪೇಕ್ಷಿತ ಮತ್ತು ದೊರೆತ ವರ್ಣಪಟಲಗಳ ಅಂತರವನ್ನು ಒಂದೇ ಸಂಖ್ಯೆಯಾಗಿಸಿ ಅದನ್ನು ತಗ್ಗಿಸುತ್ತ ಹೋಗುವುದೇ ಅತ್ಯುತ್ತಮೀಕರಣ. ಮಂಜು ಕವಿದ ಹಿಮವದ್ ಗೋಪಾಲಸ್ವಾಮಿ ಬೆಟ್ಟದಿಂದ ಕಾಲಿಗೆ ಸಿಕ್ಕ ಇಳಿಜಾರನ್ನೇ ನಂಬಿ ಇಳಿಯುವವನು ನಡುವಿನ ಹಳ್ಳವನ್ನೇ ಬುಡವೆಂದು ಬಗೆದು ನಿಲ್ಲುವಂತೆ ಗಣಕವೂ ನಿಂತುಬಿಡಬಹುದು. ರಷ್ಯಾದ ಟಿಖೊನ್ರಾವೊವ್ 1980ರ ದಶಕದಲ್ಲಿ ರೂಪಿಸಿದ ಸೂಜಿವಿಧಾನ ಇಂಥಲ್ಲಿ ಹೊಸ ತೆಳುಪದರವೊಂದನ್ನು ನಡುವೆ ತೂರಿಸಿ ದಾರಿ ತೆರೆಯುತ್ತದೆ.

ಯಾವ ದೋಷಕ್ಕೆ ಎಷ್ಟು ತೂಕವೆಂಬುದನ್ನು ಮಾತ್ರ ವಿನ್ಯಾಸಕನೇ ಹೇಳಬೇಕು. ಪಾದರಸ ದೀಪದಲ್ಲಿ 578 ನ್ಯಾನೊಮೀಟರಿನ ಆಸುಪಾಸಿನಲ್ಲಿ ಪ್ರಬಲವಾದ ಹಳದಿ ಬೆಳಕಿದೆ. ಅದನ್ನು ತಡೆದರೆ ಕೆಂಪು, ಹಸಿರು ಶುದ್ಧವಾಗುತ್ತವೆ, ಪರದೆ ಮಂಕಾಗುತ್ತದೆ. ಬಿಟ್ಟರೆ ಪ್ರಕಾಶ ಹೆಚ್ಚುತ್ತದೆ, ಕೆಂಪು ಕಿತ್ತಳೆಗೆ ವಾಲುತ್ತದೆ. ತಿರುಗುವ ವರ್ಣಚಕ್ರಕ್ಕೆ ಬಣ್ಣವಿಲ್ಲದ ಖಂಡವೊಂದನ್ನು ಸೇರಿಸಿದ ಯಂತ್ರಗಳಲ್ಲಂತೂ ಬಿಳುಪು ಮಾತ್ರ ಉಜ್ವಲವಾಗಿ, ಅದರ ಪಕ್ಕದ ಸೂರ್ಯಕಾಂತಿ ಒಣ ಅರಿಶಿನಕೊಂಬಿನಂತೆ ಕಳೆಗುಂದುತ್ತದೆ. ಮಾರಾಟಕ್ಕೆ ಪ್ರಕಾಶವೇ ಮುಖ್ಯವಾದಾಗ ಹೂವಿನ ಗತಿ ಇದು.

ಇಂಥ ಪರದೆಯನ್ನು ನೋಡಿ ವಕ್ತೃವೊಬ್ಬ ‘ಕೇಸರಿ’ ಎಂದರೆ ಅದು ಅವನ ಭಾಷೆಯ ವರ್ಗೀಕರಣವೋ, ವಿನ್ಯಾಸಕನಿತ್ತ ತೂಕದ ಫಲವೋ ಎಂದು ಬೇರ್ಪಡಿಸಲಾಗದು. ಬರ್ಲಿನ್ ಮತ್ತು ಕೇ 1969ರಲ್ಲಿ ಪ್ರಕಟಿಸಿದ ವರ್ಣಪದಗಳ ಅಧ್ಯಯನಕ್ಕೆ ಮುನ್ಸೆಲ್ ವರ್ಣಫಲಕಗಳನ್ನು ಆಧಾರವಾಗಿಸಿಕೊಂಡದ್ದು ಇಲ್ಲಿ ಗಮನಾರ್ಹ. ಅಂಥ ಫಲಕಗಳನ್ನೋ ಹೂವನ್ನೋ ಹಗಲಿನ ಬೆಳಕಿನಲ್ಲಿ ಕೈಗೆ ಕೊಟ್ಟು ಕೇಳುವುದು ಲೇಸು. ಪ್ರೊಜೆಕ್ಟರು ಅನಿವಾರ್ಯವಾದರೆ ದೀಪ ಪಾದರಸದ್ದೋ, ಎಲ್‌ಇಡಿಯೋ, ಲೇಸರೋ ಎಂಬುದನ್ನೂ ಕೋಣೆಯ ಬೆಳಕನ್ನೂ ಪ್ರಬಂಧದಲ್ಲಿ ದಾಖಲಿಸಬೇಕು.