ಗಿಳಿ, ಆಮೆ, ನಾಯಿ: ಶಾಲೆಯಲ್ಲಿ ಯಾರಿಗೆ ಜಾಗ?



"ಅಮ್ಮಾ, ನಾಳೆ ಕ್ಲಾಸಿಗೆ ಯಾವುದಾದರೂ ಪ್ರಾಣಿ ತರಬೇಕಂತೆ!" ಮಗು ಹೀಗೆಂದರೆ ನೀವೇನು ಮಾಡುತ್ತೀರಿ? ಊರಿನಲ್ಲಾಗಿದ್ದರೆ ಅಜ್ಜನ ಹಟ್ಟಿಯ ಕರುವನ್ನೋ ಕೋಳಿಮರಿಯನ್ನೋ ತೋರಿಸಬಹುದಿತ್ತು. ಮುಂಬಯಿ, ಚೆನ್ನೈಗಳ ಫ್ಲಾಟಿನಲ್ಲಿರುವ ನಮಗೆ ಥಟ್ಟನೆ ನೆನಪಾಗುವುದು ಪಕ್ಕದ ಮನೆಯ ಪಂಜರದ ಗಿಳಿ.

ಅದು ಮಾತ್ರ ಬೇಡ. ನಮ್ಮ ಹಸಿರು ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ ಪಕ್ಷಿ. ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. ನಕ್ಷತ್ರ ಆಮೆಗೂ ಇದೇ ಕಾನೂನು. ಮನೆಗೆ ಅದೃಷ್ಟ ಬರುತ್ತದೆಂದು ಅದನ್ನು ಕೊಳ್ಳುವವರಿದ್ದಾರೆ. ಆಮೆಯ ಅದೃಷ್ಟ ಏನಾಯಿತೆಂದು ಕೇಳುವವರಿಲ್ಲ. ನಾಗರಪಂಚಮಿಗೆ ಶಾಲೆಯ ಗೇಟಿನ ಬಳಿ ಬರುವ ಹಾವಾಡಿಗನ ಬುಟ್ಟಿಯ ನಾಗರಹಾವೂ ಸಂರಕ್ಷಿತವೇ.

ಅಂಗಡಿಗಳಲ್ಲಿ ಸಿಗುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಪುಟ್ಟ ಆಮೆ ಅಮೆರಿಕ ಮೂಲದ್ದು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಕೈಯನ್ನು ಬಾಯಿಗಿಟ್ಟ ಮಗುವಿಗೆ ಜ್ವರ, ಭೇದಿ ಹಿಡಿಯುತ್ತದೆ. ಈ ಕಾರಣಕ್ಕೇ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ಅಮೆರಿಕದಲ್ಲಿ 1975ರಲ್ಲೇ ನಿಷೇಧಿಸಿದರು.

ಹಾಗಾದರೆ ಮೀನಿನ ತೊಟ್ಟಿ? ಇಡಬಹುದು. ಆದರೆ ದೀಪಾವಳಿ ರಜೆಯಲ್ಲಿ ಅದಕ್ಕೆ ಊಟ ಹಾಕುವವರು ಯಾರು ಎಂದು ಟೀಚರನ್ನು ಮೊದಲೇ ಕೇಳಿಬಿಡಿ. ಉತ್ತರವಿಲ್ಲದಿದ್ದರೆ ತೊಟ್ಟಿಯೂ ಬೇಡ.

ನನ್ನ ಮೆಚ್ಚಿನ ಉಪಾಯ ನಮ್ಮ ಬಾಲ್ಕನಿಯಲ್ಲೇ ಇದೆ: ಕರಿಬೇವಿನ ಕುಂಡ! ಕೆಲವು ಜಾತಿಯ ಚಿಟ್ಟೆಗಳು ಕರಿಬೇವಿನ ಎಲೆಯ ಮೇಲೆ ಮೊಟ್ಟೆಯಿಡುತ್ತವೆ. ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು, ಬೆಳೆದಂತೆ ಎಲೆಯಷ್ಟೇ ಹಸಿರಾಗುತ್ತದೆ. ಆಮೇಲೆ ಕೋಶ ಕಟ್ಟಿಕೊಂಡು ನೇತಾಡುತ್ತದೆ. ಒಗ್ಗರಣೆಗೆ ಎಲೆ ಕಡಿಮೆಯಾಯಿತೆಂದು ಹುಳುವನ್ನು ಕಿತ್ತೆಸೆಯುವ ಬದಲು ಕುಂಡವನ್ನೇ ಕ್ಲಾಸಿನ ಕಿಟಕಿಗೆ ಕಳಿಸಿ. ಕೆಲವೇ ವಾರಗಳಲ್ಲಿ ಚಿಟ್ಟೆ ಹಾರಿಹೋಗುತ್ತದೆ. ರಜೆಯಲ್ಲಿ ಸಾಕುವ ಚಿಂತೆಯೂ ಇಲ್ಲ.

ಇನ್ನು, ಯಾರೂ ಕರೆಯದೆ ಶಾಲೆಗೆ ಬರುವ ಪ್ರಾಣಿಯೊಂದಿದೆ, ಬೀದಿನಾಯಿ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಕೊಡಿಸಿ, ಆಶ್ರಯತಾಣಕ್ಕೆ ಸಾಗಿಸಬೇಕು, ಮತ್ತೆ ಅಲ್ಲಿಗೇ ತಂದು ಬಿಡಬಾರದು ಎಂದು ಆದೇಶಿಸಿತು. ಇದಕ್ಕೆ ನೆಮ್ಮದಿಪಟ್ಟವರಿದ್ದಾರೆ, ನೊಂದವರೂ ಇದ್ದಾರೆ. ಆ ವಾದ ಅತ್ತ ಇರಲಿ. ಪ್ರಾಣಿಗಳ ಜೊತೆ ಹೇಗಿರಬೇಕು, ಕಚ್ಚಿದರೆ ಮೊದಲು ಏನು ಮಾಡಬೇಕು ಎಂದು ಶಾಲೆಗಳು ಮಕ್ಕಳಿಗೆ ಕಲಿಸಬೇಕೆಂಬ ಮಾತೂ ಅದೇ ಆದೇಶದಲ್ಲಿದೆ. ಸುದ್ದಿಯ ಗದ್ದಲದಲ್ಲಿ ಅದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ.

ಆ ಪಾಠ ಇಷ್ಟೇ. ಉಣ್ಣುತ್ತಿರುವ, ಮಲಗಿರುವ, ಮರಿಗಳ ಜೊತೆಗಿರುವ ನಾಯಿಯ ಹತ್ತಿರ ಹೋಗಬಾರದು. ಅಟ್ಟಿಸಿಕೊಂಡು ಬಂದರೆ ಓಡದೆ ಕೈಕಟ್ಟಿ ನಿಲ್ಲಬೇಕು. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ಮೊದಲ ಚುಚ್ಚುಮದ್ದು ಹಾಕಿಸಬೇಕು. ಉಳಿದವು ಮೂರನೆಯ ದಿನ, ಏಳನೆಯ ದಿನ, ಹೀಗೆ 28ನೇ ದಿನದವರೆಗೂ ಇರುತ್ತವೆ. ನಡುವೆ ನಿಲ್ಲಿಸುವಂತಿಲ್ಲ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇನ್ನೊಂದು ಮದ್ದೂ ಬೇಕಾಗುತ್ತದೆ, ವೈದ್ಯರನ್ನು ಕೇಳಿ.

ಕಷ್ಟವಿರುವುದು ಬೇರೆಡೆ. ನಾಯಿಮರಿಗೆ ಬಿಸ್ಕತ್ತು ಹಾಕಲು ಹೋಗಿ ಪರಚಿಸಿಕೊಂಡ ಮಗು, ಬೈಗುಳಕ್ಕೆ ಹೆದರಿ ಸಾಕ್ಸ್ ಮೇಲೆಳೆದುಕೊಂಡು ಸುಮ್ಮನಿದ್ದುಬಿಡುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಹೇಳಿಬಿಡಿ: "ಸ್ವಲ್ಪ ಪರಚಿದ್ದರೂ ಬಂದು ಹೇಳು ಪುಟ್ಟಾ, ನಾವು ಬೈಯೋದಿಲ್ಲ."