ಗಾಡಿಯೇ ಮನೆಯಾದಾಗ: ಬಿಡುವಿನ ದಿನಗಳ ರಿಪೇರಿ ಮತ್ತು ಸುಧಾರಣೆ

ಅಡಿಕೆ ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಮಾಲು ಮಂಡಿಗೋ ಸಂಘಕ್ಕೋ ಸೇರಿ, ಕಾಫಿ ಕಣದ ಕೆಲಸವೂ ಮುಗಿದ ಮೇಲೆ ಬೆಳೆಗಾರನ ಮನೆಗೆ ಒಂದಿಷ್ಟು ಉಸಿರಾಡುವ ಕಾಲ ಬರುತ್ತದೆ. ತೋಟಕ್ಕೆ ನೀರು ಬಿಡುವ ಕೆಲಸ ತಪ್ಪದಿದ್ದರೂ, ಫೆಬ್ರುವರಿ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ಜಾತ್ರೆ, ಮದುವೆ, ಮಕ್ಕಳ ರಜೆ ಎಲ್ಲ ಒಟ್ಟಿಗೆ ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಇದೇ ಬಿಡುವಿನಲ್ಲಿ ಮನೆಯ ವ್ಯಾನನ್ನೋ ಜೀಪನ್ನೋ ಸಜ್ಜುಗೊಳಿಸಿ, ಅದರಲ್ಲೇ ಮಲಗಿ, ಅದರ ಮಗ್ಗುಲಲ್ಲೇ ಅಡಿಗೆ ಮಾಡಿಕೊಂಡು ಸಂಸಾರ ಸಮೇತ ನಾಲ್ಕು ಊರು ನೋಡಿ ಬರುವ ಆಸೆ ಹಲವರಲ್ಲಿ ಮೂಡಿದೆ. ಈ ಕೆಲಸವನ್ನು ಹೆಚ್ಚು ಖರ್ಚಿಲ್ಲದೆ, ಅಪಾಯವಿಲ್ಲದೆ, ಮನೆಮಂದಿಯೇ ಸೇರಿ ಮಾಡಿಕೊಳ್ಳುವ ಬಗೆಯನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಗಾಡಿಯನ್ನು ಮನೆ ಮಾಡಿಕೊಳ್ಳುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಭರತ ಹುಣ್ಣಿಮೆಯ ಹೊತ್ತಿನ ಮೈಲಾರ ಜಾತ್ರೆಗೆ ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಿಂದ ಕಮಾನು ಕಟ್ಟಿದ ಎತ್ತಿನ ಬಂಡಿಗಳಲ್ಲಿ ಜನ ಹೋಗುತ್ತಿದ್ದರು. ಬಂಡಿಯ ಒಳಗೆ ಹುಲ್ಲು, ಅದರ ಮೇಲೆ ಜಮಖಾನ. ಹಿಂದೆ ರೊಟ್ಟಿ ಬುತ್ತಿ, ನೀರಿನ ಕೊಡ. ರಾತ್ರಿ ಕಾರ್ಣಿಕದ ಊರಿನಲ್ಲಿ ಬಂಡಿಯೇ ಮನೆ. ಕೀಲಿಗೆ ಎಣ್ಣೆ ಹಾಕುವುದು, ಸಡಿಲಾದ ಹಗ್ಗ ಬಿಗಿಯುವುದು ಎಲ್ಲವೂ ಮನೆಯವರದೇ ಕೆಲಸ. ಊರಿಗೆ ಮರಳಿದ ಮರುದಿನ ಕಮಾನು ಬಿಚ್ಚಿ ಅಟ್ಟಕ್ಕೇರಿಸಿದರೆ ಅದೇ ಬಂಡಿ ಗೊಬ್ಬರ ಹೊರಲು ಸಿದ್ಧ. ಈ ಬಿಚ್ಚಿಡುವ ಗುಣವನ್ನೇ ನಾವು ಮೋಟಾರು ಗಾಡಿಗೂ ತರಬೇಕು.

ಏಕೆಂದರೆ ಸಣ್ಣ ಬೆಳೆಗಾರನ ಮನೆಯಲ್ಲಿ ಇರುವುದು ಒಂದೇ ಗಾಡಿ. ಮಕ್ಕಳನ್ನು ಶಾಲೆಗೆ ಬಿಡುವುದೂ ಅದೇ, ಔಷಧಿ ಗೊಬ್ಬರ ತರುವುದೂ ಅದೇ. ನಡುರಾತ್ರಿ ಅಜ್ಜಿಗೆ ಎದೆನೋವು ಬಂದರೆ ದಾವಣಗೆರೆಯ ಆಸ್ಪತ್ರೆಗೆ ಓಡಬೇಕಾದದ್ದೂ ಅದೇ. ಆದ್ದರಿಂದ ಈ ಕೆಲಸದಲ್ಲಿ ಒಂದೇ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು: ಬೆಳಿಗ್ಗೆ ಬಿಚ್ಚಿದ ಗಾಡಿ ಸಂಜೆಗೆ ಹೊರಡುವ ಸ್ಥಿತಿಯಲ್ಲಿರಬೇಕು. ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಕೈಹಾಕಬಾರದು.

ಕಾನೂನಿನ ಮಿತಿ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಾಯಿತು. ಚಾವಣಿ ಕೊಯ್ದು ಎತ್ತರಿಸುವುದು, ಬದಿಗೆ ಹೊಸ ಕಿಟಕಿ ಕೊರೆಯುವುದು, ಛಾಸಿಗೆ ಬೆಸುಗೆ ಹಾಕುವುದು ಇವೆಲ್ಲ ಮನೆಯಂಗಳದ ಕೆಲಸವಲ್ಲ. ನಿಯಮಗಳಲ್ಲಿ ವಾಸದ ಗಾಡಿಗೆಂದೇ ಬೇರೆ ವರ್ಗವಿದೆ. ಕೂರಲು ಆಸನ ಮತ್ತು ಮೇಜು, ಮಲಗುವ ಏರ್ಪಾಡು, ಅಡಿಗೆಯ ಸೌಕರ್ಯ, ಸಾಮಾನಿಡುವ ಜಾಗ ಇವು ಅದರ ಲಕ್ಷಣಗಳು. ಹಾಗೆ ಪೂರ್ಣವಾಗಿ ಮಾಡಿಸಬೇಕೆನ್ನುವವರು ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಹಣ ಹಾಕುವುದು ಕ್ಷೇಮ.

ನಮ್ಮಂಥವರಿಗೆ ಸಲ್ಲುವುದು ಸಾಮಾನಿನಂತೆ ಇಟ್ಟು ತೆಗೆಯುವ ಮಂಚ, ಪೆಟ್ಟಿಗೆ ಮತ್ತು ಪರದೆ. ಇನ್ನೊಂದು ಮಾತು. ಸರಕಿನ ಪಿಕಪ್ಪಿನ ಹಿಂದೆ ಅಥವಾ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಸಿಗೆ ಹಾಸಿ ಸಂಸಾರವನ್ನು ಕೂರಿಸಿಕೊಂಡು ಹೋಗುವ ಪದ್ಧತಿ ಜಾತ್ರೆಯ ದಿನಗಳಲ್ಲಿ ಕಾಣುತ್ತದೆ. ಅವು ಜನ ಸಾಗಿಸುವ ಗಾಡಿಗಳಲ್ಲ; ಮಗುಚಿದರೆ ಹಿಡಿದುಕೊಳ್ಳಲು ಏನೂ ಇಲ್ಲ, ವಿಮೆಯ ಹಣಕ್ಕೂ ತೊಡಕು. ಜನರ ಪ್ರಯಾಣಕ್ಕೆಂದು ನೋಂದಣಿಯಾದ ಗಾಡಿಯನ್ನೇ ಈ ಕೆಲಸಕ್ಕೆ ಆರಿಸಿಕೊಳ್ಳಿ.

ತೂಕದ ಲೆಕ್ಕ

ಗಾಡಿಯ ಪುಸ್ತಕದಲ್ಲಿ ಎರಡು ತೂಕಗಳಿರುತ್ತವೆ: ಖಾಲಿ ತೂಕ ಮತ್ತು ತುಂಬಿದಾಗಿನ ಗರಿಷ್ಠ ತೂಕ. ಇವೆರಡರ ವ್ಯತ್ಯಾಸವೇ ನಿಮ್ಮ ಬಂಡವಾಳ. ಉದಾಹರಣೆಗೆ ಆ ವ್ಯತ್ಯಾಸ 500 ಕಿಲೋ ಎಂದಿಟ್ಟುಕೊಳ್ಳೋಣ. ಐದು ಮಂದಿ, ತಲೆಗೆ 65 ಕಿಲೋದಂತೆ 325. ಉಳಿದದ್ದು 175. ನಲವತ್ತು ಲೀಟರ್ ನೀರು 40 ಕಿಲೋ, 12 ಮಿ.ಮೀ. ದಪ್ಪದ, 8 ಅಡಿಗೆ 4 ಅಡಿಯ ಪ್ಲೈವುಡ್ ಹಲಗೆ ಒಂದು, ಸುಮಾರು 24, ಬ್ಯಾಟರಿ 30, ಸಣ್ಣ ಗ್ಯಾಸ್ ಸಿಲಿಂಡರ್ 12, ಹಾಸಿಗೆ, ಬಟ್ಟೆ, ಪಾತ್ರೆ, ದಿನಸಿ 50. ಒಟ್ಟು 156. ಮಿಕ್ಕದ್ದು 19 ಕಿಲೋ ಮಾತ್ರ! ಇದರಲ್ಲಿ ನೆಂಟರ ಮನೆಗೆಂದು ಅರ್ಧ ಚೀಲ ಅಕ್ಕಿ ಸೇರಿಸಿದರೂ ಲೆಕ್ಕ ಮೀರಿತು.

ಭಾರದ ವಸ್ತು ಕೆಳಗೆ, ಎರಡು ಅಚ್ಚುಗಳ ನಡುವೆ ಇರಲಿ. ನೀರಿನ ಕ್ಯಾನು, ಬ್ಯಾಟರಿಗಳನ್ನು ಮೇಲಿನ ಕ್ಯಾರಿಯರಿಗೆ ಏರಿಸಿದರೆ ಘಾಟಿಯ ತಿರುವುಗಳಲ್ಲಿ ಗಾಡಿ ವಾಲುತ್ತದೆ.

ಮೊದಲು ಚಕ್ರ, ಬ್ರೇಕು, ಆಮೇಲೆ ಪರದೆ

ಪರದೆಯ ಬಣ್ಣ ಆರಿಸುವುದರಲ್ಲಿ ಸಿಗುವ ಉತ್ಸಾಹ ಬ್ರೇಕು ನೋಡುವುದರಲ್ಲಿ ಇರುವುದಿಲ್ಲ. ಆದರೆ ಕ್ರಮ ಇದಕ್ಕೆ ವಿರುದ್ಧವಾಗಿರಬೇಕು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ತೋಟದ ಗಾಡಿ ಕಡಿಮೆ ಓಡುವುದರಿಂದ ಟೈರು ಸವೆಯುವ ಮೊದಲೇ ಬಿಸಿಲಿಗೆ ಒಣಗಿ ಬಿರುಕು ಬಿಡುವುದುಂಟು. ಹೊರಗೆ ಹೊಸದರಂತೆ ಕಂಡರೂ ಸಂಸಾರ ತುಂಬಿ ಹೆದ್ದಾರಿಯಲ್ಲಿ ಓಡಿಸಲು ಅದು ಯೋಗ್ಯವಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಯಲ್ಲಿ ನಿಲ್ಲುವ ಗಾಡಿಗೆ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸುವುದು ಒಳ್ಳೆಯದು. ತೇವ ಸೇರಿದ ಎಣ್ಣೆ ಘಾಟಿ ಇಳಿಯುವಾಗ ಕಾದು ಕುದಿಯುತ್ತದೆ, ಪೆಡಲು ಕಾಲಿಗೆ ಮೆತ್ತಗಾಗುತ್ತದೆ. ಬ್ರೇಕು ಮತ್ತು ಸ್ಟೀರಿಂಗ್ ಕೆಲಸವನ್ನು ತಿಳಿದ ಮೆಕ್ಯಾನಿಕ್ಕಿನ ಕೈಗೇ ಕೊಡಿ. ಚಕ್ರ ಬಿಚ್ಚಿ ಹಾಕಿದ್ದರೆ 50-100 ಕಿ.ಮೀ. ಓಡಿದ ನಂತರ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.

ನೀರು ಸೋರುವುದನ್ನು ಮಳೆಗಾಲದವರೆಗೆ ಕಾಯದೆ ಈಗಲೇ ಪತ್ತೆ ಹಚ್ಚಬಹುದು. ತೋಟದ ಪೈಪಿನಿಂದ ಚಾವಣಿಯ ಮೇಲೆ ಅರ್ಧ ಗಂಟೆ ನೀರು ಬಿಟ್ಟು, ಒಳಗೆ ಒಬ್ಬರು ಟಾರ್ಚು ಹಿಡಿದು ಕುಳಿತರೆ ಸಾಕು. ತುಕ್ಕು ಹಿಡಿದ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಪ್ರೈಮರ್ ಬಳಿದು, ಒಣಗಿದ ಮೇಲೆ ಬಣ್ಣ ಹಚ್ಚಿ. ಸಂದುಗಳಿಗೆ ಡಾಂಬರು ಮೆತ್ತಿದರೆ ಬಿಸಿಲಿಗೆ ಕರಗಿ, ಚಳಿಗೆ ಬಿರಿಯುತ್ತದೆ. ಗಾಡಿಯ ಕುಲುಕಾಟಕ್ಕೆ ಬಗ್ಗುವ ಪಾಲಿಯುರೆಥೇನ್ ಸೀಲಂಟು ಉತ್ತಮ.

ಮಂಚ, ಪೆಟ್ಟಿಗೆ

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ, ಇಲ್ಲಿ ತಯಾರಾದ ಲೇತುಗಳು ದೇಶದ ಮೂಲೆ ಮೂಲೆಗೆ ಹೋದವು. ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು. ಆದರೆ ಅಳತೆ ಹಿಡಿದು ಕಬ್ಬಿಣ ಕೊಯ್ಯುವ ಕಸಬು ಕಲಿತ ಕೈಗಳು ಈ ಊರಿಗೆ ಅದರಿಂದ ದೊರೆತ ಆಸ್ತಿ. ಮಂಚದ ಚೌಕಟ್ಟು, ಬಿಚ್ಚಿ ಜೋಡಿಸುವ ಕಾಲು, ಕೀಲು ಇಂಥವನ್ನು ಮಾಡಿಸುವವರು ಗಾಡಿಯನ್ನೇ ವರ್ಕ್‌ಶಾಪಿನಲ್ಲಿ ಬಿಟ್ಟು ಬರಬೇಕಿಲ್ಲ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅಳತೆ ಬರೆದು ಒಯ್ದರೆ ಒಂದು ಅಂಗುಲದ ಚೌಕ ಪೈಪಿನಲ್ಲಿ ಮಾಡಿಕೊಡುತ್ತಾರೆ. ಅಲ್ಲಿಂದ ಸುಮಾರು 14 ಕಿ.ಮೀ. ದೂರದ ದಾವಣಗೆರೆ ಪೇಟೆಯಲ್ಲಿ ಪ್ಲೈವುಡ್, ಫೋಮು, ತಾಡಪಾಲು, ಬ್ಯಾಟರಿ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ತರಬಹುದು. ಅಡಿಕೆ ಬಿಡಲು ಹೋದ ದಿನವೇ ಈ ಕೆಲಸ ಮುಗಿಸಿದರೆ ಪ್ರತ್ಯೇಕ ಖರ್ಚಿಲ್ಲ.

ಚೌಕಟ್ಟಿನ ಮೇಲೆ ಹಾಸಲು ಪೂರಾ ಪ್ಲೈವುಡ್ ಬೇಕಿಲ್ಲ. ನಮ್ಮ ತೋಟದಲ್ಲೇ ಬಿದ್ದ ಹಳೆಯ ಅಡಿಕೆ ಮರದ ದಬ್ಬೆಯನ್ನು ಚೆನ್ನಾಗಿ ಒಣಗಿಸಿ, ಸಿಬಿರು ಏಳದಂತೆ ಎರಡೂ ಬದಿ ಉಜ್ಜಿ, ಎರಡು ಅಂಗುಲ ಬಿಟ್ಟು ಸಾಲಾಗಿ ಕಟ್ಟಿದರೆ ಹಗುರವಾದ ಹಾಸು ಸಿದ್ಧ. ಕೆಳಗಿನಿಂದ ಗಾಳಿಯಾಡುವುದರಿಂದ ಹಾಸಿಗೆ ಬೂಷ್ಟು ಹಿಡಿಯುವುದಿಲ್ಲ. ಮಂಚ, ಪೆಟ್ಟಿಗೆಗಳನ್ನು ಗಾಡಿಯಲ್ಲಿ ಮೊದಲೇ ಇರುವ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಸಡಿಲವಿದ್ದರೆ ಗಕ್ಕನೆ ಬ್ರೇಕು ಹಾಕಿದಾಗ ಅವು ಮುಂದಿದ್ದವರ ಬೆನ್ನಿಗೇ ಬರುತ್ತವೆ. ಗಾಡಿ ಓಡುವಾಗ ಮಂಚದ ಮೇಲೆ ಯಾರೂ, ಮಕ್ಕಳೂ ಸಹ, ಮಲಗಬಾರದು. ಎಲ್ಲರೂ ಆಸನದಲ್ಲಿ, ಬೆಲ್ಟು ಹಾಕಿಕೊಂಡೇ ಕೂರಬೇಕು. ಬಿಸಿಲು ತಡೆಯಲೆಂದು ಒಳಗೋಡೆಗೆ ಥರ್ಮೊಕೋಲು ಅಂಟಿಸುವುದು ಬೇಡ, ಅದು ಬೇಗ ಬೆಂಕಿ ಹಿಡಿಯುತ್ತದೆ.

ದೀಪ, ಫ್ಯಾನು

ದೀಪ, ಫ್ಯಾನುಗಳಿಗೆ ಗಾಡಿ ಎಬ್ಬಿಸುವ ಬ್ಯಾಟರಿಯನ್ನೇ ಬಳಸಿದರೆ ಬೆಳಿಗ್ಗೆ ಗಾಡಿ ಏಳುವುದಿಲ್ಲ. ಬೇರೆ ಬ್ಯಾಟರಿ ಇಡಿ. 12 ವೋಲ್ಟಿನ 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧವನ್ನು ಬಳಸಿದರೆ ಸುಮಾರು 600 ವ್ಯಾಟ್-ಗಂಟೆ ಸಿಗುತ್ತದೆ. ಐದು ವ್ಯಾಟಿನ ಎರಡು ದೀಪ ನಾಲ್ಕು ಗಂಟೆಗೆ 40. ಇಪ್ಪತ್ತು ವ್ಯಾಟಿನ ಎರಡು ಫ್ಯಾನು ಎಂಟು ಗಂಟೆಗೆ 320. ನಾಲ್ಕು ಫೋನಿಗೆ 60. ಒಟ್ಟು 420. ಒಂದು ರಾತ್ರಿಗೆ ಧಾರಾಳ. ಇಂಡಕ್ಷನ್ ಒಲೆಯ ಆಸೆ ಬೇಡ: 1,500 ವ್ಯಾಟಿಗೆ ಈ ಬ್ಯಾಟರಿಯಿಂದ 125 ಆಂಪಿಯರಿಗೂ ಮೀರಿ ಎಳೆಯಬೇಕು. 100 ವ್ಯಾಟಿನ ಸೌರ ಫಲಕ ದಾವಣಗೆರೆಯ ಬಯಲಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕಾಫಿ ತೋಟದ ನೆರಳಿನಲ್ಲಿ ಅದರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ.

ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಜು ಇರಲೇಬೇಕು. ತಂತಿ ತಾಳುವಷ್ಟೇ ಅಳತೆಯ ಫ್ಯೂಜು ಹಾಕಿ. ಹಾರಿತೆಂದು ದಪ್ಪ ತಂತಿ ಸುತ್ತಿದರೆ ಸುಡುವುದು ಗಾಡಿ. ಮನೆಯ ಯುಪಿಎಸ್‌ನ ಆಮ್ಲದ ಬ್ಯಾಟರಿಯನ್ನು ತಂದು ಹಾಸಿಗೆಯ ಕೆಳಗಿಡಬಾರದು: ಕುಲುಕಿದರೆ ಆಮ್ಲ ಚೆಲ್ಲುತ್ತದೆ, ಚಾರ್ಜಾಗುವಾಗ ಹೊತ್ತಿಕೊಳ್ಳುವ ಅನಿಲ ಬರುತ್ತದೆ.

ಒಲೆ ಮತ್ತು ಗಾಳಿ

ಇಡೀ ಲೇಖನದಲ್ಲಿ ಈ ಭಾಗವನ್ನು ಮನೆಮಂದಿಗೆಲ್ಲ ಓದಿ ಹೇಳಬೇಕೆಂದು ವಿನಂತಿ. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕಿಟಕಿಯಿಂದ ಹೊರಹೋಗದೆ ನೆಲದಲ್ಲಿ, ಹಾಸಿಗೆಯ ಮಟ್ಟದಲ್ಲಿ ನಿಲ್ಲುತ್ತದೆ. ಒಂದು ಕಿಡಿ ಸಾಕು. ಸಣ್ಣ ವ್ಯಾನಿನೊಳಗೆ ಒಲೆ ಕೂರಿಸುವುದೇ ಬೇಡ. ಗಾಡಿ ನಿಲ್ಲಿಸಿ, ಹಿಂಬಾಗಿಲ ಹೊರಗೆ ತಾಡಪಾಲು ಕಟ್ಟಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಅಡಿಗೆ ಮಾಡಿ. ಪೈಪು, ರೆಗ್ಯುಲೇಟರುಗಳ ಜೋಡಣೆಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡುವುದು ಒಂದು ನಿಮಿಷದ ಕೆಲಸ. ರಾತ್ರಿ ಸಿಲಿಂಡರು ಗಾಡಿಯ ಹೊರಗೇ ಇರಲಿ.

ಚಳಿಯೆಂದು ಬಾಗಿಲು ಕಿಟಕಿ ಮುಚ್ಚಿ ಒಳಗೆ ಕೆಂಡದ ಬಾಣಲೆ ಇಡುವುದು, ತಂಪಿಗೆಂದು ಇಂಜಿನ್ ಓಡಿಸಿಕೊಂಡೇ ಮಲಗುವುದು ಇವೆರಡೂ ಪ್ರಾಣಕ್ಕೆ ಎರವು. ಆಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಎದುರು ಬದುರಿನ ಎರಡು ಕಿಟಕಿಗಳನ್ನು ಸೊಳ್ಳೆ ಪರದೆ ಹಾಕಿ ತುಸು ತೆರೆದಿಡಿ.

ಮನೆಮಂದಿಯ ಪಾಲು

ಗಾಡಿಯ ಕೆಲಸ ಯಜಮಾನರೊಬ್ಬರ ಹವ್ಯಾಸವಾದರೆ ಭಾನುವಾರಗಳೆಲ್ಲ ಅದಕ್ಕೇ ಹೋಗಿ ಮನೆಯಲ್ಲಿ ಅಸಮಾಧಾನ ಹುಟ್ಟುತ್ತದೆ. ಎಲ್ಲರಿಗೂ ಪಾಲು ಕೊಟ್ಟರೆ ಅದೇ ಕೆಲಸ ಹಬ್ಬವಾಗುತ್ತದೆ. ಪಾತ್ರೆ ಪೆಟ್ಟಿಗೆಯ ಖಾನೆಗಳು ಹೇಗಿರಬೇಕೆಂಬುದನ್ನು ಅಡಿಗೆ ಮಾಡುವವರೇ ನಿರ್ಧರಿಸಲಿ. ತೂಕದ ಲೆಕ್ಕ, ಬ್ಯಾಟರಿಯ ಲೆಕ್ಕಗಳನ್ನು ಪರೀಕ್ಷೆ ಮುಗಿಸಿದ ಮಕ್ಕಳಿಗೆ ಬಿಡಿ. ಶಾಲೆಯ ಗಣಿತ ಕಣ್ಣೆದುರು ಕೆಲಸಕ್ಕೆ ಬರುವುದನ್ನು ಅವರು ನೋಡುತ್ತಾರೆ. ಮಂಡಿನೋವಿನ ಅಜ್ಜಿ ಹತ್ತಲು ಒಂದು ಮರದ ಮೆಟ್ಟಿಲು ಮಾಡದೆ ಉಳಿದ ಸೊಬಗೆಲ್ಲ ಮಾಡಿ ಪ್ರಯೋಜನವಿಲ್ಲ. ಊಟಕ್ಕೆ ನಮ್ಮದೇ ಅಡಿಕೆ ಹಾಳೆಯ ತಟ್ಟೆ ಒಯ್ದರೆ ಪಾತ್ರೆ ತೊಳೆಯುವ ನೀರೂ ಉಳಿಯಿತು.

ದೂರದ ಊರಿಗೆ ಹೊರಡುವ ಮೊದಲು ಒಂದು ರಾತ್ರಿ ಮನೆಯಂಗಳದಲ್ಲೇ ಗಾಡಿಯಲ್ಲಿ ಮಲಗಿ ನೋಡಿ. ಏನು ಕಡಿಮೆ, ಏನು ಹೆಚ್ಚು ಎಂಬುದು ಹತ್ತು ಹೆಜ್ಜೆಯ ದೂರದಲ್ಲೇ ತಿಳಿಯುತ್ತದೆ. ಪ್ರವಾಸ ಮುಗಿದ ಮೇಲೆ ಮಂಚ, ಪೆಟ್ಟಿಗೆ ಬಿಚ್ಚಿ ಅಟ್ಟಕ್ಕೇರಿಸಿ. ಕಾಳು, ಬೆಲ್ಲದ ಚೂರುಗಳನ್ನು ಗುಡಿಸಿ ತೆಗೆಯಿರಿ, ಇಲ್ಲವಾದರೆ ಇಲಿ ಬಂದು ಮೊದಲು ಕಡಿಯುವುದು ತಂತಿಯನ್ನೇ. ವಾರಕ್ಕೊಮ್ಮೆ ಇಂಜಿನ್ ಎಬ್ಬಿಸಿ ನಾಲ್ಕು ಮೈಲಿ ಓಡಿಸಿ.

ಮುಂಗಾರಿಗೆ ಮೊದಲು ನಾಲ್ಕು ಭಾನುವಾರಗಳು ಸಿಕ್ಕರೂ ಸಾಕು. ಮೊದಲನೆಯದು ಚಕ್ರ ಬ್ರೇಕಿಗೆ, ಎರಡನೆಯದು ಸೋರುವುದಕ್ಕೆ ಮತ್ತು ತುಕ್ಕಿಗೆ, ಮೂರನೆಯದು ಮಂಚ ಪೆಟ್ಟಿಗೆಗೆ, ನಾಲ್ಕನೆಯದು ದೀಪಕ್ಕೆ. ಪರದೆಯನ್ನು ಯಾವ ಸಂಜೆಯಾದರೂ ಹೊಲಿದುಕೊಳ್ಳಬಹುದು. ಈ ಕ್ರಮ ತಪ್ಪದಿದ್ದರೆ ಅದೇ ಗಾಡಿ ಸಂಸಾರವನ್ನು ಊರು ತೋರಿಸಿ ತರುತ್ತದೆ, ಕೊಯ್ಲಿನ ಕಾಲಕ್ಕೆ ತೋಟದ ಕೆಲಸಕ್ಕೂ ನಿಲ್ಲುತ್ತದೆ.